ಬಿಸಿನೀರಿನ ಫ್ಲಾಸ್ಕು

"ಫ್ಲಾಸ್ಕಲ್ಲೇನೈತೆ ಅಕ್ಕ?"

ಗಂಡನ ಜತೆಯಲ್ಲೇ ಕೆಲಸ ಕಳೆದುಕೊಂಡಿದ್ದ ಸಾಬೀರ್ ಹೀಗೆ ಕೇಳಿದಾಗ ಲತಾಮಣಿ ಫ್ಲಾಸ್ಕನ್ನು ಸೆರಗಿನ ಮರೆಗೆ ಸರಿಸಿಕೊಂಡಳು.

"ಬಿಸ್ನೀರು ಕಣಪ್ಪ. ಇನ್ನೇನಿದ್ದಾತು?"

ಸಾಬೀರ್ ದಾರಿ ಬಿಟ್ಟ. ಒಳಗಿದ್ದದ್ದು ನಿಂಬೆ ಶರಬತ್ತು. ಬೀಜ, ತೊಳೆ ಒಂದೂ ಉಳಿಯದಂತೆ ಬಟ್ಟೆಯಲ್ಲಿ ಸೋಸಿ, ಸಕ್ಕರೆಯನ್ನು ಧಾರಾಳವಾಗಿ ಕದಡಿ ತಂದಿದ್ದಳು.

ಬೈರಾಪಟ್ಟಣದ ಬಳಿ, ಹೆದ್ದಾರಿ ಪಕ್ಕದ ಹೊಸ ಕಾರ್ಖಾನೆಯ ಗೇಟಿನೆದುರು ದೇವರಾಜು ಉಪವಾಸ ಕೂತು ವಾರದ ಮೇಲಾಗಿತ್ತು. ತೆಗೆದುಹಾಕಿದವರನ್ನೆಲ್ಲ ವಾಪಸು ಸೇರಿಸಿಕೊಂಡು, ಮ್ಯಾನೇಜರೇ ಬಂದು ನಿಂಬೆ ಶರಬತ್ತು ಕುಡಿಸುವವರೆಗೆ ನೀರು ಬಿಟ್ಟು ಬೇರೇನೂ ಮುಟ್ಟುವುದಿಲ್ಲವೆಂದು ಎಲ್ಲರೆದುರು ಆಣೆ ಮಾಡಿದ್ದ. ಆಣೆ ಮಾಡುವವರಿಗೇನು, ಮಾಡಿಬಿಡುತ್ತಾರೆ. ಗಂಡನನ್ನು ಉಳಿಸಿಕೊಳ್ಳಬೇಕಾದವಳು ಅವಳು ತಾನೆ?

ಮೊದಲ ದಿನ ಫ್ಲಾಸ್ಕು ಮೂಸಿದ ದೇವರಾಜು ಅವಳ ಮುಖವನ್ನೇ ನೋಡಿದ್ದ. ಬಯ್ಯುತ್ತಾನೆಂದುಕೊಂಡಳು. ಬಯ್ಯಲಿಲ್ಲ.

"ಇಟ್ಟೋಗು. ನೀನಿಲ್ಲೇ ನಿಂತಿದ್ರೆ ಜನ ನೋಡ್ತರೆ," ಎಂದಿದ್ದ.

ಅಂದಿನಿಂದ ಬೆಳಗ್ಗೆ ತುಂಬಿ ತಂದ ಫ್ಲಾಸ್ಕು ಸಂಜೆ ಖಾಲಿಯಾಗಿ ಸಿಗುತ್ತಿತ್ತು. ಅವಳ ಜೀವಕ್ಕೆ ಅಷ್ಟೇ ಸಮಾಧಾನ. ಆದರೂ ಹೆದರಿಕೆ ತಪ್ಪಿರಲಿಲ್ಲ. ಯಾರಿಗಾದರೂ ಗೊತ್ತಾದರೆ ಗಂಡನ ಮಾನ ಹರಾಜು, ಅಷ್ಟೂ ಜನರ ಅನ್ನಕ್ಕೆ ಕಲ್ಲು.

ಈಗೀಗ ದೇವರಾಜು ಮಲಗಿದಲ್ಲಿಂದ ಏಳುತ್ತಲೇ ಇರಲಿಲ್ಲ. ತುಟಿ ಒಡೆದಿತ್ತು, ಮಾತು ತೊದಲುತ್ತಿತ್ತು. ನೋಡಲು ಬಂದ ಹೆಂಗಸರು ಅಳುತ್ತಿದ್ದರು. ಲತಾಮಣಿಯೂ ಸೆರಗನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಇಲ್ಲದಿದ್ದರೆ ಅನುಮಾನ ಬಂದೀತು. ಇಂಥ ನಾಟಕ ಇವನಿಗೆ ಯಾರು ಕಲಿಸಿದರೋ ಎಂದು ಒಳಗೊಳಗೇ ಬೆರಗಾಗುತ್ತಿದ್ದಳು.

ಆ ಸಂಜೆ ಜೀಪಿನಲ್ಲಿ ಡಾಕ್ಟರು ಬಂದರು. ನಾಡಿ ಹಿಡಿದು ನೋಡಿ ಅವಳನ್ನು ಪಕ್ಕಕ್ಕೆ ಕರೆದರು.

"ಸ್ಥಿತಿ ಚೆನ್ನಾಗಿಲ್ಲಮ್ಮ. ಆಸ್ಪತ್ರೆ ಅಂದರೆ ಬೇಡ ಅಂತ ತಲೆ ಆಡಿಸ್ತಾರೆ. ನೀವು ಹೂಂ ಅನ್ನಿ, ಈಗಲೇ ಕರೆದುಕೊಂಡು ಹೋಗ್ತೀನಿ."

"ಒಪ್ಕೊಬುಡಕ್ಕ," ಎಂದ ಸಾಬೀರ್. "ಕೆಲ್ಸ ಹೋದ್ರೆ ಹೋಯ್ತದೆ."

ನಾಳೆ ಮ್ಯಾನೇಜರ್ ಬರುತ್ತಾನೆಂದು ಗೇಟಿನವರೇ ಹೇಳಿದ್ದರು. ಇಷ್ಟು ದಿನ ಕಾದದ್ದನ್ನು ಈಗ ಕೈಬಿಡುವುದೇ? ಅವಳು ಗಟ್ಟಿ ಮನಸ್ಸು ಮಾಡಿದಳು.

"ಇನ್ನೊಂದಿನ ತಡ್ಕತರೆ ಡಾಕ್ಟ್ರೆ. ನಂಗೊತ್ತು."

ಡಾಕ್ಟರು ಅವಳನ್ನು ವಿಚಿತ್ರವಾಗಿ ನೋಡಿದರು. ಜೀಪು ಚನ್ನಪಟ್ಟಣದ ಕಡೆ ತಿರುಗಿ ಕಣ್ಮರೆಯಾಯಿತು.

ಖಾಲಿ ಫ್ಲಾಸ್ಕು ಗಂಡನ ತಲೆಯ ಹಿಂದೆ ಉರುಳಿಬಿದ್ದಿತ್ತು. ಅದನ್ನು ಎತ್ತಿಕೊಳ್ಳಲು ಅವಳು ಬಗ್ಗಿ, ಅವನ ಕೆಳಗೆ ಹಾಸಿದ್ದ ಟಾರ್ಪಾಲಿನ ಅಂಚನ್ನು ಸರಿಸಿದಳು.

ನಿಂಬೆಯ ವಾಸನೆ ಹೊಡೆಯುತ್ತಿದ್ದ ಅಂಟು ನೆಲದ ತುಂಬ ಇರುವೆ ಮುತ್ತಿದ್ದವು.