ಕೆಂಪು ಬಿಲ್ಲೆ

ಈಕೆ ಹಿಂತಿರುಗಿ ಬರುವವಳಲ್ಲವೇನೋ.

ಮೊದಲ ದ್ವೀಪದ ಬಳಿ ಲಂಗರು ಇಳಿಸುವಾಗಲೇ ದೋಣಿಯವನಿಗೆ ಹಾಗನ್ನಿಸಿತ್ತು. ತಪ್ಪಿರಬಹುದು. ಒಬ್ಬಳೇ ಬಂದ ಹೆಂಗಸನ್ನು ಕಂಡು ಇಲ್ಲದ್ದನ್ನು ಊಹಿಸುವುದೇನೂ ದೊಡ್ಡ ವಿದ್ಯೆಯಲ್ಲ. ಆದರೆ ಇಡೀ ದಿನದ ಪ್ರವಾಸ, ಮೂರು ದ್ವೀಪ, ಮೂರು ಕಡೆ ಈಜು. ಮಿಕ್ಕವರೆಲ್ಲ ಚೀಲಗಟ್ಟಲೆ ಸಾಮಾನು ಹೊತ್ತು ಬಂದಿದ್ದರು. ಈಕೆ ಒಂದು ಟವೆಲ್ಲನ್ನೂ ತಂದಿರಲಿಲ್ಲ. ಎಷ್ಟು ಹೊತ್ತಿಗೆ ವಾಪಸ್ಸು ಎಂದು ಎಲ್ಲರೂ ಕೇಳಿದ್ದರು, ಈಕೆ ಕೇಳಲಿಲ್ಲ. ಎರಡು ಟಿಕೆಟ್ ಕೊಂಡು ಒಬ್ಬಳೇ ಹತ್ತಿದ್ದಳು.

ಏಣಿಯ ಪಕ್ಕದ ಹಲಗೆಯ ಮೊಳೆಗಳಲ್ಲಿ ಮರದ ಬಿಲ್ಲೆಗಳು ತೂಗುತ್ತಿದ್ದವು. ಪ್ರತಿ ಟಿಕೆಟ್ಟಿಗೂ ಒಂದೊಂದು, ಜೊತೆಗೆ ಚುಕ್ಕಾಣಿ ಹಿಡಿಯುವ ದೋಣಿಯವನಿಗೊಂದು, ಅಡುಗೆಯವನಿಗೊಂದು. ಒಂದು ಮೈ ನೀಲಿ, ಇನ್ನೊಂದು ಕೆಂಪು. ನೀರಿಗಿಳಿಯುವಾಗ ಕೆಂಪಿಗೆ ತಿರುಗಿಸಬೇಕು, ಹತ್ತಿ ಬಂದ ಮೇಲೆ ನೀಲಿಗೆ. ಬಿಲ್ಲೆ ತಿರುಗಿಸದೆ ಯಾರೂ ನೀರಿಗಿಳಿಯಕೂಡದು. ಈ ಕಟ್ಟಳೆ ದೋಣಿಯವನದೇ. ತಲೆ ಎಣಿಸುವವನು ಮರೆಯಬಹುದು, ಹಲಗೆ ಮರೆಯುವುದಿಲ್ಲ ಎನ್ನುತ್ತಿದ್ದ.

ಆಕೆ ಉಂಗುರ ತೆಗೆದು, ಕರವಸ್ತ್ರದಲ್ಲಿ ಗಂಟು ಹಾಕಿ ಅಡುಗೆಯವನ ಕೈಗಿಟ್ಟಳು. "ಇದು ನಿಮ್ಮ ಹತ್ರ ಇರಲಿ."

"ಇವತ್ತು ಎಲ್ಲರಿಗೂ ನಾನೇ ಬೀರು ಆಗಿಬಿಟ್ಟೆ ನೋಡಿ," ಎಂದ ಅಡುಗೆಯವ, ತನ್ನ ಮಣಿಕಟ್ಟು ತೋರಿಸುತ್ತ. "ಚುಕ್ಕಾಣಿ ಹಿಡಿಯೋನಿಗೆ ಗಡಿಯಾರ ಬೇಕು ಅಂತ ಅಣ್ಣ ಇದನ್ನ ಕಟ್ಟಿದ. ವಾರದಿಂದ ದೋಣಿ ಓಡಿಸೋದು ಕಲಿಸ್ತಾ ಇದ್ದಾನೆ. ಅಣ್ಣಾ, ಒಲೆ ಮೇಲೆ ಮೀನು ಸೀದರೆ ನನ್ನ ಬೈಬೇಡ."

"ಬೈಯಲ್ಲ."

"ನೀನು? ಬೈಯಲ್ಲ? ಸೂರ್ಯ ಯಾವ ಕಡೆ ಹುಟ್ಟಿದನಪ್ಪಾ ಇವತ್ತು!"

ದೋಣಿಯವ ನಗಲಿಲ್ಲ. ಕಣ್ಣು ಆ ಕರವಸ್ತ್ರದ ಗಂಟಿನ ಮೇಲಿತ್ತು. ಹೋಗಬೇಕೆಂದು ನಿಶ್ಚಯಿಸಿದವರು ಕೈ ಖಾಲಿ ಮಾಡಿಕೊಳ್ಳುತ್ತಾರೆ. ಅವರ ಮಾತು ಮೆತ್ತಗಾಗುತ್ತದೆ. ಯಾರ ಮೇಲೂ ಸಿಟ್ಟು ಬರುವುದಿಲ್ಲ. ಇದನ್ನೆಲ್ಲ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಎರಡನೆಯ ದ್ವೀಪದಲ್ಲಿ ಊಟ. ಆಕೆ ತಟ್ಟೆ ಮುಟ್ಟಲಿಲ್ಲ. ಎದ್ದು ಅವನ ಬಳಿ ಬಂದಳು.

"ಅಣ್ಣ, ಮೂರನೇ ದ್ವೀಪದ ಬಂಡೆ ಹಿಂದೆ ತುಂಬಾ ಆಳ ಅಲ್ವಾ?"

"ಆಳ ಅಂದ್ರೆ ಆಳ. ಅಲ್ಲಿಗೆ ಹೋಗಬೇಡಿ."

"ನೀವು ಹೋಗಿದ್ದೀರಾ?"

"ಇನ್ನೂ ಇಲ್ಲ."

ಆಕೆ ಅವನ ತಟ್ಟೆಯತ್ತ ನೋಡಿದಳು. ಅದೂ ಬಡಿಸಿದ ಹಾಗೇ ಇತ್ತು. "ಮನೆಯಲ್ಲಿ ಊಟಕ್ಕೆ ಕಾಯ್ತಾರೇನೋ."

"ಕಾಯ್ತಿದ್ದಳು."

ಹೆಂಡತಿ ತೀರಿಕೊಂಡಂದಿನಿಂದ ಮನೆಯಲ್ಲಿ ಒಂದು ಲೋಟ ಬೋರಲಾಗಿಯೇ ಇತ್ತು. ಅದನ್ನು ಹೇಳುವಷ್ಟು ಪರಿಚಯ ಈಕೆಯದಲ್ಲ. ಆಕೆಯೂ ಮುಂದೆ ಕೇಳಲಿಲ್ಲ. ಇಬ್ಬರೂ ನೀರು ನೋಡುತ್ತ ನಿಂತರು. ಗಾಳಿ ಪೂರ್ತಿ ಸತ್ತಿತ್ತು, ಕಡಲು ಎಣ್ಣೆ ಸುರಿದ ಹಾಗಿತ್ತು.

ಮೂರನೆಯ ದ್ವೀಪ ತಲುಪಿದಾಗ ಅವನು ಎಲ್ಲರಿಗಿಂತ ಮೊದಲು ಹಲಗೆಯ ಬಳಿ ಹೋಗಿ ನಿಂತ. ತಿರುಗಿದರೆ ಹಿಂದೆಯೇ ಆಕೆ.

"ಸ್ವಲ್ಪ ಜರುಗ್ತೀರಾ?"

ತನ್ನ ಬಿಲ್ಲೆಯನ್ನು ಕೆಂಪಿಗೆ ತಿರುಗಿಸಿದಳು. ಪಕ್ಕದ ಮೊಳೆಯಲ್ಲಿ, ಬಾರದವರ ಹೆಸರಿಗೆ ತೂಗುತ್ತಿದ್ದ ನೀಲಿ ಬಿಲ್ಲೆಯನ್ನು ಒಮ್ಮೆ ಸವರಿದಳು. ಏಣಿಯಿಳಿದಳು.

ಮಿಕ್ಕವರು ಮರಳಿನ ಕಡೆ ಹೋದರು. ಆಕೆ ನೇರ ಬಂಡೆಯತ್ತ ಈಜಿ ಅದರ ಹಿಂದೆ ಮರೆಯಾದಳು.

ಅವನು ಕಟಕಟೆ ಹಿಡಿದು ನಿಂತ. ಮಿಕ್ಕವರೆಲ್ಲ ನಗುತ್ತ, ನೀರು ಸುರಿಸುತ್ತ ಹತ್ತಿ ಬಂದರು. ಬಿಲ್ಲೆಗಳು ಒಂದೊಂದಾಗಿ ನೀಲಿಯಾದವು. ಆಕೆ ಬರಲಿಲ್ಲ. ಬಂಡೆಯ ಸುತ್ತ ಒಂದು ಸುಕ್ಕೂ ಇಲ್ಲದ ನೀರು. ದೇವರೇ, ಇವಳನ್ನಾದರೂ ಬಿಡು ಎಂದುಕೊಂಡ. ಚಪ್ಪಲಿ ಬಿಸಾಡಿ ಏಣಿಯ ಮೇಲೆ ಕಾಲಿಟ್ಟ.

ಬಂಡೆಯ ಇನ್ನೊಂದು ಮಗ್ಗುಲಿನಿಂದ ಒಂದು ತಲೆ ಕಾಣಿಸಿತು.

ಅವನೇ ಕೈಕೊಟ್ಟು ಮೇಲೆಳೆದುಕೊಂಡ. ಅಂಗಿ ಬಿಚ್ಚಿ ಒರೆಸಿಕೊಳ್ಳಲು ಕೊಟ್ಟ.

"ಟವೆಲ್ಲು ಯಾವಾಗಲೂ ಅವರೇ ತರ್ತಿದ್ದರು," ಎಂದಳು ಆಕೆ, ಏದುಸಿರಿನ ನಡುವೆ. "ಪ್ರತಿ ವರ್ಷ ಬರ್ತಿದ್ವಿ, ಬೇರೆ ದೋಣಿಯಲ್ಲಿ. ಈ ಸಲ ಒಂದೇ ಟಿಕೆಟ್ ಕೊಡಿ ಅನ್ನೋಕೆ ಬಾಯೇ ಬರಲಿಲ್ಲ ಅಣ್ಣ. ಬಂಡೆ ಸುತ್ತಿ ಬರೋದು ನಿನ್ನ ಕೈಲಾಗಲ್ಲ ಕಣೇ ಅಂತ ಛೇಡಿಸೋರು. ತಣ್ಣೀರಲ್ಲಿ ಉಂಗುರ ಜಾರುತ್ತೆ, ತುಂಬಿದ ಹೊಟ್ಟೆಯಲ್ಲಿ ಉಸಿರು ಕಟ್ಟುತ್ತೆ, ಎಲ್ಲಾ ಅವರೇ ಹೇಳಿಕೊಟ್ಟಿದ್ದು." ಅಳುತ್ತಲೇ ನಕ್ಕಳು. "ಸುತ್ತಿ ಬಂದೆ."

ಅವನು ಬಿಸಾಡಿದ್ದ ಚಪ್ಪಲಿ ಹುಡುಕಿ ಮೆಟ್ಟಿಕೊಂಡ.

"ನಾನು ಬರಲ್ಲ ಅಂದ್ಕೊಂಡ್ರಿ, ಅಲ್ವಾ? ಬೆಳಗಿನಿಂದ ನೋಡ್ತಾನೇ ಇದ್ರಿ." ಮುಖ ಒರೆಸಿಕೊಂಡಳು. "ಬರೋ ವರ್ಷವೂ ಬರ್ತೀನಿ. ಆದರೆ ನೀವೇ ಇರಬೇಕು. ಹೀಗೆ ಕಾಯೋರು ಎಲ್ಲಿ ಸಿಗ್ತಾರೆ?"

ಅವನು ಬಹಳ ಹೊತ್ತು ಬಂಡೆಯನ್ನೇ ನೋಡಿದ.

"ಇರ್ತೀನಿ."

ಆಕೆ ತನ್ನ ಬಿಲ್ಲೆಯನ್ನು ನೀಲಿಗೆ ತಿರುಗಿಸಿದಳು. ಅಡುಗೆಯವ ಎಂಜಿನ್ ಶುರುಮಾಡಿ, ಕತ್ತು ಚಾಚಿ ಹಲಗೆ ನೋಡಿ, ಗಕ್ಕನೆ ನಿಲ್ಲಿಸಿದ.

"ತಡಿ ತಡಿ, ತುದೀಲಿ ಇನ್ನೊಂದು ಕೆಂಪಿದೆಯಲ್ಲ! ಯಾರಿದ್ದಾರೆ ನೀರಲ್ಲಿ?"

"ಯಾರೂ ಇಲ್ಲ. ಅದು ನಂದು," ಎಂದು ದೋಣಿಯವ ಅದನ್ನು ಮೆಲ್ಲನೆ ನೀಲಿಗೆ ತಿರುಗಿಸಿದ. "ಗಾಳಿಗೆ ತಿರುಗಿರಬೇಕು."

ಆಕೆಗಿಂತ ಮೊದಲು ಹಲಗೆಯ ಮುಂದೆ ನಿಂತು ತನ್ನ ಬಿಲ್ಲೆಯನ್ನು ಕೆಂಪಿಗೆ ತಿರುಗಿಸಿದ್ದು ತಾನೇ ಎಂದು ಅವನು ಯಾರಿಗೂ, ಎಂದೂ, ಹೇಳಲಿಲ್ಲ.