ಕೋಲ್ಡ್ ರೂಮಿನ ವಿನಂತಿ

ಹೋಟೆಲಿನ ಮಾಂಸ-ತರಕಾರಿ ಇಡುವ ಕೋಲ್ಡ್ ರೂಮಿನ ಬಾಗಿಲ ಒಳಗಿನ ಹಿಡಿ ಅಡುಗೆಯವಳ ಕೈಗೇ ಕಿತ್ತು ಬಂತು. ಬಾಗಿಲು ಮಿಸುಕಲಿಲ್ಲ. ಬಡಿದಳು, ಒದ್ದಳು. ಅಷ್ಟು ದಪ್ಪದ ಬಾಗಿಲಿನಾಚೆ ಯಾರಿಗೆ ಕೇಳೀತು? ಗೋಡೆಯಲ್ಲಿ ಫೋನಿತ್ತು. ಮುರಿದ ಹಿಡಿಯನ್ನು ಬಿಡದೆ ಇನ್ನೊಂದು ಕೈಯಲ್ಲಿ ರಿಸೀವರ್ ಎತ್ತಿದಳು.

ಆ ಹೋಟೆಲಿನಲ್ಲಿ ಫೋನೆತ್ತಿದರೆ ಇಂಗ್ಲಿಷಿನಲ್ಲಿ ನಯವಾಗಿ ಕೇಳಿಕೊಳ್ಳಬೇಕು, ಹುಕುಂ ಮಾಡುವಂತಿಲ್ಲ. ಮ್ಯಾನೇಜರು ಕದ್ದು ಕೇಳುತ್ತಿದ್ದ. ಹೋದ ವಾರ ‘ಬೇಗ ಬನ್ನಿ’ ಅಂದ ಲಿಫ್ಟಿನವ ಈಗ ಕೆಲಸ ಕಳೆದುಕೊಂಡು ಮನೆಯಲ್ಲಿದ್ದ. ತರಬೇತಿಯ ಗಿಣಿಪಾಠ ತಾನಾಗಿ ಬಾಯಿಗೆ ಬಂತು: “ಗುಡ್ ಆಫ್ಟರ್‌ನೂನ್. ಕುಡ್ ಯು ಪ್ಲೀಸ್ ಸೆಂಡ್ ಸಮ್‌ವನ್ ಟು ದ ಕೋಲ್ಡ್ ರೂಮ್, ಇಫ್ ಪಾಸಿಬಲ್?” ಹಲ್ಲು ಕಟಕಟ ಅನ್ನುತ್ತಿದ್ದರೂ ಒಂದಕ್ಷರ ತಪ್ಪಲಿಲ್ಲ.

“ಶೂರ್. ಮೇ ಐ ಪುಟ್ ಯು ಆನ್ ಹೋಲ್ಡ್?” ಅಂದಳು ರಿಸೆಪ್ಷನ್ನಿನ ಹುಡುಗಿ. ಫೋನಿನಲ್ಲಿ ಪಿಯಾನೊ ಶುರುವಾಯಿತು. ಮುಗಿಯಿತು, ಮತ್ತೆ ಮೊದಲಿನಿಂದ ಶುರುವಾಯಿತು. ಅಡುಗೆಯವಳ ಬೆರಳುಗಳು ಮರಗಟ್ಟಿ ಬೇರೆ ಯಾರದೋ ಬೆರಳಾದವು. ಕಡೆಗೆ ಹುಡುಗಿಯ ದನಿ ಬಂತು, ಮೊದಲಿನಷ್ಟೇ ಸಿಹಿಯಾಗಿ: “ಥ್ಯಾಂಕ್ಯೂ ಫಾರ್ ವೇಟಿಂಗ್. ವುಡ್ ಟುಮಾರೋ ಮಾರ್ನಿಂಗ್ ಬಿ ಓಕೆ?”

ನಾಳೆ ಬೆಳಿಗ್ಗೆ! ಅಡುಗೆಯವಳು “ವುಡ್ ಯು...” ಅಂತಲೇ ಶುರುಮಾಡಿದಳು. ಕೈಯಲ್ಲಿದ್ದ ಹಿಡಿ ಠಣ್ಣನೆ ನೆಲಕ್ಕೆ ಬಿತ್ತು.

“ಬಾಗ್ಲು ತೆಗಿಯೇ! ಸಾಯ್ತಿದೀನಿ ಒಳಗೆ!”

ಆ ಕಡೆ ಕುರ್ಚಿಯೊಂದು ಉರುಳಿಬಿದ್ದ ಸದ್ದಾಯಿತು. ಹೈ ಹೀಲ್ಸ್ ಟಕಟಕನೆ ಓಡಿತು, ತಟ್ಟನೆ ನಿಂತಿತು, ಆಮೇಲೆ ಕೇಳಿದ್ದು ದಡದಡ ಓಡುವ ಬರಿಗಾಲು.