ಗುದ್ದಿದರೂ ಹಾರದ ರಿವಾಲ್ವರ್

ರಿವಾಲ್ವರ್ ಇಲ್ಲದೆ ತೊಟ್ಟಿಲ ಕಾರ್ಯಕ್ಕೆ ಹೋದರೆ ಹಾವೇರಿಯಲ್ಲಿ ಮರ್ಯಾದೆಯಿಲ್ಲ. ತಮ್ಮನ ಕೂಸಿಗೆ ಹೆಸರಿಡಬೇಕಾದ ಸೋದರತ್ತೆ ಅನ್ನಪೂರ್ಣಕ್ಕನ ಹಳೆಯ ರಿವಾಲ್ವರ್ ಹೊಸ ರೇಷ್ಮೆ ಸೀರೆಯಲ್ಲಿ ಉಬ್ಬಿ ಕಾಣುತ್ತಿತ್ತು. ಅವಳು ಬಸಲಿಂಗವ್ವನ ಅಂಗಡಿಗೆ ಬಂದಳು.

"ನಿರಿಗ್ಯಾಗ ಮುಚ್ಚಿಕೊಳ್ಳೂವಂಥಾ ಸಣ್ಣದು ತೋರಸ್ರಿ. ಗುಂಡು ಮಾತ್ರ ದಪ್ಪ ಇರಬೇಕು."

"ಅಂಥಾದ್ದು ಹಾರಿಸಿದ್ರ ನಿಮ್ಮ ಕೈನ ಮುರೀತೈತ್ರಿ, ಅಕ್ಕಾರ."

"ಮುರೀಲಿ. ತಮ್ಮನ ಹೆಂಡ್ತಿ ತವರಿನವ್ರು ದಪ್ಪಂದ ತರ್ತಾರ."

ಬಸಲಿಂಗವ್ವ ಒಂದನ್ನು ತೆಗೆದು ಕೊಟ್ಟಳು. ಅನ್ನಪೂರ್ಣಕ್ಕ ಅದನ್ನು ನಿರಿಗೆಗೆ ಸಿಕ್ಕಿಸಿ, ತೊಟ್ಟಿಲಿಗೆ ಬಾಗುವಂತೆ ಬಾಗಿ, "ಗುದ್ರಿ" ಎಂದಳು.

ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಸೋದರತ್ತೆಯ ಬೆನ್ನಿಗೆ ಹೆಂಗಸರೆಲ್ಲ ಗುದ್ದುವುದು ಪದ್ಧತಿ. ಹೋದ ತಿಂಗಳು ಹಾಗೆ ಗುದ್ದಿದಾಗ ಒಬ್ಬಾಕೆಯ ನಿರಿಗೆಯಿಂದ ಗುಂಡು ಹಾರಿ ಅಡುಗೆಯವನು ಸತ್ತಿದ್ದ. ಹೋಳಿಗೆ ಸೀದುಹೋಯಿತೆಂದು ಬೀಗರು ಇನ್ನೂ ಗೊಣಗುತ್ತಿದ್ದಾರೆ.

ಬಸಲಿಂಗವ್ವ ಜಾಣತನದಿಂದ ಪಕ್ಕಕ್ಕೆ ನಿಂತು ಗುದ್ದಿದಳು. ಗುಂಡು ಹಾರಲಿಲ್ಲ. ಇಬ್ಬರಿಗೂ ಸಮಾಧಾನವಾಯಿತು.

"ಕೂಸಿಗೊಂದು ಕೊಡ್ಲ್ಯಾ? ತೊಟ್ಟಿಲಿಗೆ ಕಟ್ಟೂವು ಹೊಸಾವು ಬಂದಾವ."

"ಕೂಸಿಗ್ಯಾಕ್ರಿ?" ಅನ್ನಪೂರ್ಣಕ್ಕ ನಕ್ಕಳು. "ಅದಕ್ಕ ಯಾರ ಅಂಜಿಕಿ? ಇನ್ನೂ ನಮ್ಮ ಪರಿಚಯನ ಆಗಿಲ್ಲಲ್ಲ!"